ಹಳೆ ಬೈಕು ಮನೆಗೆ ಬಂದಾಗ ಹಿಂದೆ ಕೂರುವವಳ ಮಾತು



ಮೀನಿನವನು ಅಂಗಳದಲ್ಲಿ ಬುಟ್ಟಿ ಇಳಿಸಿದ ಕೂಡಲೇ ನಾವೇನು ಮಾಡುತ್ತೇವೆ? ಬಂಗುಡೆಯ ಕಿವಿರು ಎತ್ತಿ ನೋಡುತ್ತೇವೆ. ಹೊಟ್ಟೆ ಒತ್ತಿ ನೋಡುತ್ತೇವೆ. ಕಣ್ಣು ಮಸುಕಾಗಿದ್ದರೆ ಬೇಡವೆಂದು ಕೈ ತೊಳೆದುಕೊಂಡು ಒಳಗೆ ಹೋಗುತ್ತೇವೆ. ನೂರು ರೂಪಾಯಿಯ ಮೀನಿಗೆ ಇಷ್ಟೊಂದು ಪರೀಕ್ಷೆ! ಅದೇ ನಾವು, ಗಂಡನೋ ಮಗನೋ ಸೆಕೆಂಡ್ ಹ್ಯಾಂಡ್ ಬೈಕೊಂದನ್ನು ತಂದು ಅದೇ ಅಂಗಳದಲ್ಲಿ ನಿಲ್ಲಿಸಿದರೆ, 'ಮಾಶಾ ಅಲ್ಲಾಹ್, ಬಣ್ಣ ಚೆನ್ನಾಗಿದೆ' ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ಅದರ ಹಿಂದಿನ ಸೀಟಿನಲ್ಲಿ ಕೂರಬೇಕಾದವರು ನಾವೇ ಎಂಬುದು ಆಗ ನೆನಪಿಗೆ ಬರುವುದಿಲ್ಲ.

ನಾನೂ ಹಾಗೆಯೇ ಸುಮ್ಮನಿದ್ದವಳು. ಅದರ ಫಲವನ್ನೂ ಉಂಡವಳು.

ಕಳೆದ ವರ್ಷ ನಮ್ಮವರು 2016ರ ಮಾಡೆಲಿನ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350 ಕೊಂಡು ತಂದರು. ದೂರ ಪ್ರಯಾಣಕ್ಕೆಂದೇ ಮಾಡಿದ ಗಾಡಿ ಅದು. ಸುಮಾರು 190 ಕಿಲೋ ತೂಕ, 20 ಲೀಟರ್ ಹಿಡಿಯುವ ಟ್ಯಾಂಕ್, ಎತ್ತರದ ಹ್ಯಾಂಡಲ್, ಅಗಲವಾದ ಸೀಟು. ನನ್ನ ತವರು ಮೂಡಿಗೆರೆಯ ಕಡೆ. ಉಮ್ಮನಿಗೆ ವಯಸ್ಸಾಗಿದೆ. ಶಾಲೆಯ ರಜೆಗೂ ಬಸ್ಸಿನ ಸಮಯಕ್ಕೂ ಹೊಂದಾಣಿಕೆಯಾಗದೆ ಎಷ್ಟೋ ಸಲ ಹೋಗುವುದೇ ತಪ್ಪಿಹೋಗುತ್ತಿತ್ತು. ಮಕ್ಕಳು ದೊಡ್ಡವರಾದ ಮೇಲೆ ಮನೆಯಿಂದ ಹೊರಡುವವರು ನಾವಿಬ್ಬರೇ. ಕಾರಿಗೆ ಸಾಲ ಮಾಡಬೇಕು, ಸಾಲವೆಂದರೆ ಬಡ್ಡಿ. ಅದು ಬೇಡವೆಂದು ಎರಡು ವರ್ಷ ಕೂಡಿಟ್ಟ ಹಣದಲ್ಲಿ ಈ ಬೈಕು ಬಂತು. ಥಂಡರ್‌ಬರ್ಡ್ ಮೊದಲು ಮಾರುಕಟ್ಟೆಗೆ ಬಂದದ್ದು 2002ರಲ್ಲಿ. 2020ರಲ್ಲಿ ಕಂಪೆನಿಯು ಅದನ್ನು ನಿಲ್ಲಿಸಿ ಅದರ ಜಾಗಕ್ಕೆ ಮೀಟಿಯೋರ್ ತಂದಿತು. ನಿಂತುಹೋದ ಗಾಡಿಯ ಬಿಡಿಭಾಗ ಸಿಗುತ್ತದೆಯೇ ಎಂದು ಕೇಳಬಹುದು. ಅದೇ ಎಂಜಿನ್ ಹಳೆಯ ಕ್ಲಾಸಿಕ್ ಮತ್ತು ಎಲೆಕ್ಟ್ರಾ ಬೈಕುಗಳಲ್ಲೂ ಇದ್ದುದರಿಂದ ಆ ತೊಂದರೆ ನಮಗೆ ಬಂದಿಲ್ಲ.

ಗಾಡಿ ಬಂದ ಎರಡನೆಯ ವಾರ ಒಂದು ನಿಕಾಹ್‌ಗೆಂದು ಹೊರಟಿದ್ದೆವು. ಬಿ.ಸಿ. ರೋಡಿನ ಹತ್ತಿರ ವಾಹನಗಳ ಸಾಲಿನಲ್ಲಿ ನಿಂತು, ಆಗಷ್ಟೇ ಮುಂದಕ್ಕೆ ಸರಿಯುತ್ತಿದ್ದೆವು. ಯಾರೋ ಹಿಂದಿನಿಂದ ನನ್ನ ಬುರ್ಖಾ ಹಿಡಿದು ಕೆಳಗೆ ಜಗ್ಗಿದಂತಾಯಿತು. ಕೂಗುವಷ್ಟರಲ್ಲಿ ಸೊಂಟ ಸೀಟಿನಿಂದ ಅರ್ಧ ಜಾರಿತ್ತು. ರಸ್ತೆ ಬದಿಯ ಅಂಗಡಿಯ ಹುಡುಗನೊಬ್ಬ ಎರಡೂ ಕೈ ಎತ್ತಿ 'ನಿಲ್ಲಿಸಿ, ನಿಲ್ಲಿಸಿ' ಎಂದು ಓಡಿ ಬಂದ. ಬುರ್ಖಾದ ಅಂಚು ಹಿಂದಿನ ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡು ಹಗ್ಗದಂತೆ ಹುರಿಯಾಗಿತ್ತು. ಅವನೇ ಅಂಗಡಿಯಿಂದ ಕತ್ತರಿ ತಂದು ಬಟ್ಟೆ ಕತ್ತರಿಸಿ ಬಿಡಿಸಿದ. ಅಲ್ಲಾಹನ ಕೃಪೆ, ಗಾಡಿ ನಡೆಯುವ ವೇಗದಲ್ಲಿತ್ತು. ಸೊಂಟದ ನೋವು ಮೂರು ವಾರ ಇತ್ತು, ಅಷ್ಟೇ. ಆದರೆ ಅದೇ ಹೆದ್ದಾರಿಯಲ್ಲಿ ಅರುವತ್ತರ ವೇಗದಲ್ಲಿ ಆಗಿದ್ದರೆ ಈ ಲೇಖನವನ್ನು ಬರೆಯಲು ನಾನಿರುತ್ತಿರಲಿಲ್ಲ.

ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದೆವು. ಎಡಬದಿಯಲ್ಲಿ ಸಾರಿ ಗಾರ್ಡ್ ಇರಬೇಕಾದ ಜಾಗದಲ್ಲಿ ಬೋಲ್ಟಿನ ಖಾಲಿ ತೂತುಗಳು ಮಾತ್ರ ಇದ್ದವು.

ಅಂದ ಕೆಡುತ್ತದೆಂದು ತೆಗೆದದ್ದು!

ಮಾರಿದವರಿಗೆ ನಮ್ಮವರು ಫೋನ್ ಮಾಡಿ ವಿಚಾರಿಸಿದರು. 'ಅದಾ? ಗಾಡಿಯ ಲುಕ್ ಹಾಳಾಗುತ್ತಿತ್ತು. ತೆಗೆದು ಗೂಡಿನಲ್ಲಿ ಇಟ್ಟಿದ್ದೇನೆ, ಬೇಕಾದರೆ ತೆಗೆದುಕೊಂಡು ಹೋಗಿ' ಎಂದರಂತೆ. ಕೆಟ್ಟ ಮನುಷ್ಯರೇನಲ್ಲ. ಒಬ್ಬರೇ ಓಡಾಡುವ ಯುವಕ, ಹಿಂದೆ ಯಾರೂ ಕೂರುತ್ತಿರಲಿಲ್ಲ. ಆದರೆ ಮಾರುವಾಗ ಒಂದು ಮಾತು ಹೇಳಬಹುದಿತ್ತಲ್ಲವೇ? ಧಾನ್ಯದ ರಾಶಿಯೊಳಗೆ ಕೈಹಾಕಿ ಒದ್ದೆಯನ್ನು ಕಂಡ ಪ್ರವಾದಿ(ಸ), ಆ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಕೇಳಿದ ಘಟನೆ ನಮಗೆಲ್ಲ ಗೊತ್ತು. ಮದ್ರಸದಲ್ಲಿ ಮಕ್ಕಳಿಗೆ ಅದನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಅಕ್ಕಿ, ಗೋಧಿಯ ಪಾಠವೆಂದೇ ಮಾಡಿದ್ದೆ. ಬೈಕಿನ ಖಾಲಿ ತೂತುಗಳಿಗೂ ಅದು ಅನ್ವಯಿಸುತ್ತದೆಂದು ಹೊಳೆದದ್ದು ಆ ದಿನ. ನಾಳೆ ನಮ್ಮ ಮನೆಯ ಹಳೆಯ ಸ್ಕೂಟರ್ ಮಾರುವಾಗಲೂ ಅನ್ವಯಿಸುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಭದ್ರವಾದ ಹಿಡಿ ಇರಬೇಕು, ಕಾಲಿಡಲು ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕು. ಹುಡುಗರು 'ಮಾಡಿಫೈ' ಮಾಡುವ ಹೆಸರಲ್ಲಿ ಮೊದಲು ಕಿತ್ತೆಸೆಯುವುದು ಇವನ್ನೇ. ಗಮನಿಸಿ ನೋಡಿ, ಮುಂದೆ ಕೂರುವವನ ಯಾವ ಅನುಕೂಲವನ್ನೂ ಅಂದಕ್ಕಾಗಿ ಯಾರೂ ಕೀಳುವುದಿಲ್ಲ.

ಆದ್ದರಿಂದ ಸಹೋದರಿಯರೇ, ಹಳೆ ಬೈಕು ಬಂದ ದಿನ ಮೊದಲು ಅದರ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ನೋಡಿ. ಸಾರಿ ಗಾರ್ಡ್ ಇದೆಯೇ? ಹಿಡಿ ಅಲುಗಾಡುತ್ತದೆಯೇ? ಫುಟ್‌ರೆಸ್ಟ್ ಎರಡೂ ಬದಿಯಲ್ಲಿ ಇದೆಯೇ, ಅದರ ರಬ್ಬರ್ ಜಾರುವಷ್ಟು ಸವೆದಿದೆಯೇ? ಚೈನಿನ ಕವರ್ ಇದೆಯೇ? ಇಷ್ಟನ್ನು ನೋಡಲು ಮೆಕ್ಯಾನಿಕ್ ಬೇಕಾಗಿಲ್ಲ.

ಕೂರುವ ರೀತಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತರೆ ಭಾರ ಒಂದು ಕಡೆ ವಾಲುತ್ತದೆ, ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಆತುಕೊಳ್ಳಲು ಏನೂ ಇರುವುದಿಲ್ಲ. ಘಾಟಿಯ ರಸ್ತೆಗೆ ಅದು ಖಂಡಿತ ಸಲ್ಲದು. ಎರಡೂ ಬದಿಗೆ ಕಾಲು ಹಾಕಿ ಕೂರುವುದು ಸಭ್ಯವಲ್ಲವೆಂದು ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಜೀವ ರಕ್ಷಣೆಯು ಶರೀಅತ್‌ನ ಮೂಲ ಉದ್ದೇಶಗಳಲ್ಲಿ ಒಂದೆಂದು ಕಿತಾಬಿನಲ್ಲಿ ಓದಿದವಳು ನಾನು. ಒಳಗೆ ಸಡಿಲವಾದ ಪ್ಯಾಂಟ್ ಧರಿಸಿ, ಬದಿಯಲ್ಲಿ ಸೀಳು ಇಟ್ಟು ಹೊಲಿಸಿದ ಬುರ್ಖಾ ತೊಟ್ಟರೆ ಮೈಯೂ ಮುಚ್ಚುತ್ತದೆ, ಕಾಲೂ ಭದ್ರವಾಗಿರುತ್ತದೆ. ಹೊರಡುವ ಮೊದಲು ಬುರ್ಖಾದ ಅಂಚನ್ನು ಎತ್ತಿ ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳಿ. ಚೂಡಿದಾರದ ಶಾಲನ್ನು ಗಾಳಿಗೆ ಹಾರಲು ಬಿಡಬೇಡಿ. ನಮ್ಮ ಗಾಡಿಯಲ್ಲಿ ಸೈಲೆನ್ಸರ್ ಬಲಬದಿಯಲ್ಲಿದೆ. ಪಾಲಿಯೆಸ್ಟರ್ ಬಟ್ಟೆ ಕಾದ ಸೈಲೆನ್ಸರಿಗೆ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ, ಚರ್ಮಕ್ಕೂ ಅಂಟುತ್ತದೆ.

ಹೆಲ್ಮೆಟ್ ಇಬ್ಬರಿಗೂ ಬೇಕು. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ರಸ್ತೆ ಬದಿಯ ಪ್ಲಾಸ್ಟಿಕ್ ಟೊಪ್ಪಿ ಪೊಲೀಸರನ್ನು ದಾಟಿಸಬಹುದು, ತಲೆಯನ್ನು ಕಾಯುವುದಿಲ್ಲ. ಅಂಗಡಿಗೆ ಹೋಗುವಾಗ ದಿನವೂ ಧರಿಸುವ ಶಿರವಸ್ತ್ರದಲ್ಲೇ ಹೋಗಿ, ಅದರ ಮೇಲೆಯೇ ಹಾಕಿ ನೋಡಿ. ಬರಿದಲೆಗೆ ಅಳತೆ ನೋಡಿ ತಂದರೆ ಮನೆಯಲ್ಲಿ ಅದು ತಲೆಗಿಳಿಯುವುದಿಲ್ಲ. ಹೆಲ್ಮೆಟಿನೊಳಗೆ ತೆಳುವಾದ ಹತ್ತಿಬಟ್ಟೆ ಸಾಕು, ದಪ್ಪ ಸುತ್ತು ಬೇಡ. ಮುಖ್ಯವಾಗಿ ಪಿನ್ ಬೇಡ! ಬಿದ್ದಾಗ ಆ ಪಿನ್ ಚುಚ್ಚಿಕೊಳ್ಳುವುದು ನಮ್ಮ ಕಪಾಲಕ್ಕೇ.

ಹಣ ಮೊದಲು ಎಲ್ಲಿಗೆ ಹೋಗಬೇಕು?

ಬೈಕು ಕೊಳ್ಳುವಾಗ ಇದ್ದ ಹಣವನ್ನೆಲ್ಲ ಮಾರುವವನಿಗೇ ಕೊಟ್ಟುಬಿಡಬಾರದು. ಹತ್ತರಲ್ಲಿ ಒಂದು ಪಾಲನ್ನಾದರೂ ಪಕ್ಕಕ್ಕಿಟ್ಟು ಉಳಿದ ಬೆಲೆಯ ಗಾಡಿಯನ್ನೇ ಹುಡುಕಬೇಕು. ಆ ಪಾಲು ಮೊದಲ ತಿಂಗಳಲ್ಲೇ ಖರ್ಚಾಗುತ್ತದೆ. ನಮ್ಮ ಮನೆಯಲ್ಲಿ ನಡೆದ ವಾದವನ್ನೇ ಹೇಳುತ್ತೇನೆ. ಕಾಲೇಜಿಗೆ ಹೋಗುವ ಮಗ, 'ಉಮ್ಮಾ, ಮೊದಲು ಎಲ್.ಇ.ಡಿ. ಲೈಟು ಹಾಕಿಸೋಣ, ಈ ಸೈಲೆನ್ಸರಿಗೆ ಸದ್ದೇ ಇಲ್ಲ, ಬೇರೆ ಹಾಕಿಸೋಣ' ಎಂದ. ನಮ್ಮವರಿಗೆ ಚರ್ಮದ ಬ್ಯಾಗುಗಳ ಮೇಲೆ ಕಣ್ಣು. ನಾನು ಬಿ.ಸಿ. ರೋಡಿನ ಬುರ್ಖಾವನ್ನು ತಂದು ಮೇಜಿನ ಮೇಲೆ ಇಟ್ಟೆ. ಅಲ್ಲಿಗೆ ವಾದ ಮುಗಿಯಿತು.

ಮೊದಲ ಖರ್ಚು ಸಾರಿ ಗಾರ್ಡ್. ಅದು ತೀರಾ ಸಣ್ಣ ಖರ್ಚು.

ಎರಡನೆಯದು ಬ್ರೇಕ್. 2016ರ ಈ ಗಾಡಿಗೆ ಮುಂದೆಯೂ ಹಿಂದೆಯೂ ಡಿಸ್ಕ್ ಬ್ರೇಕ್ ಇದೆ, ಎ.ಬಿ.ಎಸ್. ಇಲ್ಲ. 125 ಸಿ.ಸಿ. ಮೀರಿದ ಎಲ್ಲ ಹೊಸ ಬೈಕುಗಳಿಗೆ ಎ.ಬಿ.ಎಸ್. ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ. ಅದಕ್ಕೂ ಹಿಂದಿನ ಗಾಡಿಯಲ್ಲಿ ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಒಮ್ಮೆಲೇ ಗಟ್ಟಿಯಾಗಿ ಒತ್ತಿದರೆ ಚಕ್ರ ನಿಂತು ಗಾಡಿ ಜಾರಬಹುದು. ಬ್ರೇಕ್ ಪ್ಯಾಡಿನ ಸವೆತವನ್ನು ಕಣ್ಣಿನಿಂದ ನೋಡಬಹುದು. ಕಾಣದಿರುವುದು ಬ್ರೇಕ್ ಆಯಿಲಿನ ದೋಷ. ಆ ಆಯಿಲು ನಮ್ಮ ಅಡುಗೆಮನೆಯ ಉಪ್ಪಿನಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಬದಲಿಸುವವರು ಕಡಿಮೆ. ಇಬ್ಬರನ್ನೂ ಸಾಮಾನನ್ನೂ ಹೊತ್ತು ಚಾರ್ಮಾಡಿ ಇಳಿಯುವಾಗ ಬ್ರೇಕನ್ನು ಒತ್ತುತ್ತಲೇ ಇದ್ದರೆ ಅದು ಕಾಯುತ್ತದೆ. ಒಳಗಿನ ನೀರಿನ ಅಂಶ ಕುದಿದು ಆವಿಯಾಗುತ್ತದೆ. ಆಮೇಲೆ ಹಿಡಿ ಒತ್ತಿದರೆ ಸ್ಪಂಜು ಒತ್ತಿದಂತೆ ಪೂರ್ತಿ ಒಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ನಮ್ಮ ಗಾಡಿಯಿಂದ ಮೆಕ್ಯಾನಿಕ್ ಹೊರತೆಗೆದ ಬ್ರೇಕ್ ಆಯಿಲು ಕರಿಚಹಾದ ಬಣ್ಣದಲ್ಲಿತ್ತು. ಹೊಸತು ಹೆಚ್ಚುಕಡಿಮೆ ತಿಳಿನೀರಿನಂತೆ, ಸ್ವಲ್ಪ ಹಳದಿ. ಡಬ್ಬದ ಮೇಲೆ ಡಾಟ್ 4 ಎಂದು ಬರೆದಿರಬೇಕು. ಅದನ್ನು ಹಾಕಿಸಿದ ಮೇಲೂ ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲಿಟ್ಟು ಎಂಜಿನ್ನಿನಿಂದಲೇ ವೇಗ ತಗ್ಗಿಸಿಕೊಂಡು ಇಳಿಯಬೇಕು.

ಮೂರನೆಯದು ಟಯರ್. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ, 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ನಮ್ಮ ಹಿಂದಿನ ಟಯರಿನಲ್ಲಿ ಗೀರುಗಳು ಇನ್ನೂ ಆಳವಾಗಿಯೇ ಇದ್ದವು. ನೋಡಿದವರೆಲ್ಲ 'ಇನ್ನೂ ಓಡುತ್ತದೆ' ಎಂದರು. ಆದರೆ ತಯಾರಾಗಿ ಎಂಟು ವರ್ಷ ಕಳೆದಿತ್ತು. ಬದಿಯಲ್ಲಿ ಉಗುರಿನಿಂದ ಒತ್ತಿದರೆ ರಬ್ಬರಿನಲ್ಲಿ ಒಣಗಿದ ಕೆರೆಯ ಮಣ್ಣಿನಂಥ ಸಣ್ಣ ಬಿರುಕುಗಳು. ಹಳೆಯ ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಬಿಡುತ್ತದೆ. ಎರಡೂ ಟಯರ್‌ಗಳನ್ನೂ ಒಳಗಿನ ಟ್ಯೂಬ್‌ಗಳನ್ನೂ ಬದಲಿಸಿದೆವು. ಅತಿ ದೊಡ್ಡ ಖರ್ಚು ಅದೇ. ಹಾಗೆ ಬದಲಿಸುವಾಗ ಸ್ಪ್ಯಾನರಿನಿಂದ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ನೋಡಿಸಿ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಮೊದ್ದಾಗಿ ಸದ್ದು ಮಾಡುತ್ತದೆ. ಮಡಕೆ ತಟ್ಟಿ ಕೊಳ್ಳುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಉಳಿದವು ಹ್ಯಾಂಡಲಿನ ಕೋನ್ ಸೆಟ್ ಮತ್ತು ಚೈನ್ ಸ್ಪ್ರಾಕೆಟ್. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದಾಗ ನಡುವಿನಲ್ಲಿ ಕಟ್ ಎಂದು ಹಿಡಿದು ನಿಂತರೆ ಕೋನ್ ಸೆಟ್ ಸವೆದಿದೆ. ಸ್ಪ್ರಾಕೆಟಿನ ಹಲ್ಲುಗಳು ಒಂದು ಕಡೆಗೆ ಬಾಗಿ ಕೊಕ್ಕೆಯಂತಾಗಿದ್ದರೆ ಚೈನನ್ನಷ್ಟೇ ಬದಲಿಸಿ ಪ್ರಯೋಜನವಿಲ್ಲ, ಮೂರನ್ನೂ ಸೆಟ್ಟಾಗಿ ಹಾಕಿಸಬೇಕು.

ಎಂಜಿನ್ ಆಯಿಲನ್ನು ಮಾರಿದವರು 'ಮೊನ್ನೆಯಷ್ಟೇ ಹಾಕಿಸಿದ್ದು' ಎಂದೇ ಹೇಳುತ್ತಾರೆ. ನಂಬಿದರೂ ಬದಲಿಸಿ. ಈ ಎಂಜಿನ್ನಿಗೆ 15 ಡಬ್ಲ್ಯೂ 50 ದರ್ಜೆಯ ಆಯಿಲು. ಅದರೊಂದಿಗೆ ಫಿಲ್ಟರನ್ನೂ ಬದಲಿಸಿ, ದಿನಾಂಕ ಮತ್ತು ಮೀಟರಿನ ಅಂಕಿಯನ್ನು ಬರೆದಿಡಿ. ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳೇ ಬೈಕಿನ ದಫ್ತರು. ಇನ್ನು ಹೊಗೆಯ ಬಣ್ಣ. ನೀಲಿ ಹೊಗೆ ಬಂದರೆ ಆಯಿಲು ಉರಿಯುತ್ತಿದೆ ಎಂದರ್ಥ, ಆ ಗಾಡಿ ಬೇಡ. ಕೊಳ್ಳುವ ಮೊದಲು ನೋಡಲು ಹೋಗುವುದಾದರೆ ಬೆಳಗ್ಗೆಯೇ ಹೋಗಿ, ಎಂಜಿನ್ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ, ನಂತರ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟ ಗಾಡಿಯ ದೋಷ ಕಾಣುವುದಿಲ್ಲ.

ಸೈಲೆನ್ಸರಿನ ಕತೆ

ಇದೊಂದು ವಿಷಯದಲ್ಲಿ ಮಗನ ಮುಖ ಸ್ವಲ್ಪ ದಿನ ಊದಿಕೊಂಡೇ ಇತ್ತು. ಸದ್ದಿನ ಸೈಲೆನ್ಸರಿನಿಂದ ಗಾಡಿಗೆ ಬಲ ಬರುವುದಿಲ್ಲ. ಶಬ್ದದ ಮಿತಿ ಮೀರಿದರೆ ದಂಡವಿದೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ಪಕ್ಕದ ಮನೆಯಲ್ಲಿ ಪಾರ್ಶ್ವವಾಯು ಬಡಿದ ಹಿರಿಯರೊಬ್ಬರು ಮಲಗಿದ್ದಾರೆ, ಎದುರು ಮನೆಯಲ್ಲಿ ನಲ್ವತ್ತು ದಿನದ ಬಾಣಂತಿ. ನೆರೆಯವರ ಹಕ್ಕಿನ ಬಗ್ಗೆ ಪ್ರವಾದಿ(ಸ) ಕೊಟ್ಟ ಒತ್ತನ್ನು ಬಲ್ಲ ಮನೆಯಿಂದ ಫಜ್ರ್ ಹೊತ್ತಿಗೆ ಗುಂಡು ಹೊಡೆದಂತೆ ಸದ್ದು ಹೊರಡಬೇಕೇ? 'ನಿನ್ನ ಉಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ ಊರೆಲ್ಲ ತಿರುಗಿ ನೋಡಬೇಕೇ?' ಎಂದು ಕೇಳಿದೆ. ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ಹಾಗೆಂದು ಹೊಸದಾಗಿ ಏನನ್ನೂ ಹಾಕಿಸಬಾರದು ಎನ್ನುವವಳು ನಾನಲ್ಲ. ಆರು ತಿಂಗಳ ನಂತರ ಬೆನ್ನಿಗೆ ಒರಗು ಹಾಕಿಸಿದೆವು. ಘಾಟಿ ಹತ್ತುವಾಗ ಅದರ ಬೆಲೆ ನನಗೆ ಗೊತ್ತಾಯಿತು. ಆಮೇಲೆ ಎರಡು ಬದಿಯ ಬ್ಯಾಗುಗಳು ಬಂದವು, ಬಲಬದಿಯದು ಸೈಲೆನ್ಸರಿಗೆ ತಾಗದಂತೆ ಕಬ್ಬಿಣದ ಸ್ಟೇ ಕೊಟ್ಟು. ಸಾಮಾನು ತುಂಬುವಾಗ ಎರಡೂ ಬದಿಯ ತೂಕ ಸಮ ಇರಲಿ, ಭಾರದ್ದು ತಳದಲ್ಲಿರಲಿ. ಉಮ್ಮನಿಗೆಂದು ನಾನು ಒಯ್ಯುವ ತೆಂಗಿನಕಾಯಿಗಳು ಎಡಕ್ಕೆರಡು, ಬಲಕ್ಕೆರಡು. ಹಿಂದಿನ ಶಾಕಪ್ಸರುಗಳಿಗೆ ಐದು ಹಂತದ ಹೊಂದಾಣಿಕೆಯಿದೆ. ಇಬ್ಬರು ಕೂರುವ ದಿನ ಅದನ್ನು ಬಿಗಿ ಮಾಡಿಸದಿದ್ದರೆ ಹಿಂಬದಿ ಕುಸಿದು ಹೆಡ್‌ಲೈಟು ಮೇಲೆದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹೆಚ್ಚುವರಿ ಲೈಟು ಬೇಕೆಂದರೆ ರಿಲೇ ಮತ್ತು ಫ್ಯೂಸ್ ಇಲ್ಲದೆ ವಯರನ್ನು ನೇರ ಜೋಡಿಸಲು ಬಿಡಬೇಡಿ. ಹಾಗೆ ಜೋಡಿಸಿದ ವಯರ್ ಕಾಯುತ್ತದೆ, ಟ್ಯಾಂಕಿನ ಪಕ್ಕದಲ್ಲೇ!

ಮನೆಯ ಕೆಲಸಗಳಲ್ಲಿ ಚೈನ್ ಶುಚಿ ಮಾಡುವುದು ಒಂದು. ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್, ಹಳೆ ಬನಿಯನ್ ಬಟ್ಟೆ ಸಾಕು. ಒರೆಸಿ ಒಣಗಿದ ಮೇಲೆ ಚೈನ್ ಸ್ಪ್ರೇ. ಎಂಜಿನ್ ಚಾಲೂ ಇಟ್ಟು ಚಕ್ರ ತಿರುಗುತ್ತಿರುವಾಗ ಬಟ್ಟೆ ಹಿಡಿಯುವ ದುರಭ್ಯಾಸ ಹುಡುಗರಿಗಿದೆ. ಬಟ್ಟೆಯೊಂದಿಗೆ ಬೆರಳೂ ಹೋಗುತ್ತದೆ. ಕೀಲಿಯನ್ನು ನೀವೇ ತೆಗೆದಿಟ್ಟುಕೊಂಡು ಕೆಲಸ ಮಾಡಿಸಿ, ಸಣ್ಣ ಮಕ್ಕಳನ್ನು ಹತ್ತಿರ ಬಿಡಬೇಡಿ. ಕರಾವಳಿಯ ಉಪ್ಪುಗಾಳಿಗೆ ಕಡ್ಡಿಗಳು ಬೇಗ ತುಕ್ಕು ಹಿಡಿಯುತ್ತವೆ, ತೊಳೆದ ಮೇಲೆ ಒರೆಸಿ ತೆಳುವಾಗಿ ಎಣ್ಣೆಯ ಬಟ್ಟೆ ಆಡಿಸಿದರೆ ತಡೆಯುತ್ತದೆ. ಬ್ಯಾಟರಿಯ ತುದಿಗಳಿಗೆ ವ್ಯಾಸಲೀನ್ ಹಚ್ಚಿ. ಈಗ ಪಂಪುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ತೇವ ಎಳೆಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಹಳೆ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿಡುವುದು ಒಳ್ಳೆಯದಲ್ಲ. ಪೆಟ್ರೋಲಿನ ರಬ್ಬರ್ ಪೈಪು ಮೆತ್ತಗಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಆಗಾಗ ನೋಡಬೇಕು.

ಕಾಗದಪತ್ರಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಆದರೆ ಅಸಡ್ಡೆ ಬೇಡ. ಆರ್.ಸಿ.ಯಲ್ಲಿರುವ ಚಾಸಿಸ್ ನಂಬರ್ ಗಾಡಿಯ ಮೇಲಿನದಕ್ಕೆ ಸರಿಹೊಂದಬೇಕು. ಹಿಂದಿನವರು ಸಾಲದಲ್ಲಿ ಕೊಂಡಿದ್ದರೆ ಆ ಸಾಲದ ದಾಖಲೆ ಆರ್.ಸಿ.ಯಿಂದ ತೆಗೆದುಹೋಗಿರಬೇಕು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ. ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು, ಇನ್ಶೂರೆನ್ಸನ್ನು 14 ದಿನದೊಳಗೆ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು. ನೀವೇ ಮಾರುವವರಾದರಂತೂ ಇನ್ನೂ ಎಚ್ಚರ ಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 'ನಮ್ಮವನೇ ಅಲ್ಲವೇ, ಆಮೇಲೆ ಬದಲಾಯಿಸುತ್ತಾನೆ' ಎಂದು ಸಂಬಂಧಿಕರಿಗೆ ಕೀಲಿ ಕೊಟ್ಟು ವರ್ಷಗಟ್ಟಲೆ ಬಿಟ್ಟವರು ನಮ್ಮಲ್ಲಿ ಎಷ್ಟು ಮಂದಿ!

ಪುಟ್ಟ ಮಕ್ಕಳಿರುವ ತಾಯಂದಿರಿಗೆ ಇನ್ನೊಂದು ವಿಷಯ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಬೈಕಿನಲ್ಲಿ ಕರೆದೊಯ್ಯುವುದಾದರೆ ಮಗುವಿಗೆ ಬೆಲ್ಟ್ ಮತ್ತು ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದೆಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಇಬ್ಬರ ನಡುವೆ ಮಗುವನ್ನು ಒತ್ತಿ ಕೂರಿಸಿಕೊಂಡು ಘಾಟಿ ಹತ್ತುವವರನ್ನು ನೋಡಿದಾಗ ನನ್ನ ಎದೆ ಝಲ್ಲೆನ್ನುತ್ತದೆ. ಒಂಟೆಯನ್ನು ಕಟ್ಟಿ, ನಂತರ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿ ಬೋಧನೆಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಸವಾರಿಯ ದುಆವನ್ನೂ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳುವ ಮೊದಲು ಟಯರಿನ ಗಾಳಿಯನ್ನೊಮ್ಮೆ ನೋಡಿಕೊಳ್ಳುವುದು ನಮ್ಮ ಮನೆಯ ಕ್ರಮವಾಗಿದೆ. ಇಬ್ಬರು ಕೂರುವ ದಿನ ಹಿಂದಿನ ಚಕ್ರಕ್ಕೆ ಗಾಳಿ ಹೆಚ್ಚು ಬೇಕು, ಎಷ್ಟೆಂಬುದು ಗಾಡಿಯ ಕೈಪಿಡಿಯಲ್ಲಿದೆ.

ಕಳೆದ ಡಿಸೆಂಬರಿನಲ್ಲಿ ಬೆಳಗ್ಗೆ ಆರಕ್ಕೆ ಹೊರಟು, ಬೆಳ್ತಂಗಡಿ, ಉಜಿರೆ ದಾಟಿ, ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಉಮ್ಮನ ಮನೆ ತಲುಪಿದೆವು. ಉಮ್ಮ ಹೊರಗೆ ಬಂದವರು ನನ್ನನ್ನು ನೋಡುವ ಮೊದಲು ಗಾಡಿಯನ್ನು ನೋಡಿದರು. ಬಗ್ಗಿ ಸಾರಿ ಗಾರ್ಡನ್ನು ಕೈಯಿಂದ ಅಲುಗಾಡಿಸಿ ನೋಡಿದರು. ಬಿ.ಸಿ. ರೋಡಿನ ವಿಷಯ ಅವರಿಗೆ ಹೇಳಬಾರದೆಂದಿದ್ದೆ, ಮಗ ಫೋನಿನಲ್ಲಿ ಹೇಳಿಬಿಟ್ಟಿದ್ದ.

ಮುಂದಿನ ಫೋರ್ಕಿನ ಎಡಬದಿಯಲ್ಲಿ ಈಗ ಎಣ್ಣೆಯ ತೆಳು ಪಸೆ ಕಾಣಿಸಿಕೊಂಡಿದೆ. ಆಯಿಲ್ ಸೀಲ್ ಹೋಗಿದೆಯಂತೆ. ಆ ಎಣ್ಣೆ ಬ್ರೇಕಿನ ಡಿಸ್ಕಿಗೆ ಇಳಿಯುವ ಮೊದಲು ಬದಲಿಸಬೇಕು. ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ.